ರೂಟ್ ಕೆನಾಲ್‌ನಿಂದ ಕ್ಯಾನ್ಸರ್ ಬರುವುದಿಲ್ಲ

ಬೆಂಗಳೂರಿನ ನಮ್ಮ ಜಯನಗರದ ವಾಟ್ಸಾಪ್ ಗುಂಪಿನಲ್ಲಿ ಎರಡು ದಿನದಿಂದ ಒಂದು ಮೆಸೇಜ್ ಓಡಾಡುತ್ತಿದೆ, ರೂಟ್ ಕೆನಾಲ್ ಮಾಡಿಸಿದರೆ ಕ್ಯಾನ್ಸರ್ ಬರುತ್ತದೆ, ಹಲ್ಲು ಕೀಳಿಸಿಬಿಡಿ ಅಂತ. ಇದು ಸುಳ್ಳು. ರೂಟ್ ಕೆನಾಲ್‌ನಿಂದ ದೊಡ್ಡ ಕಾಯಿಲೆ ಬರುತ್ತದೆ ಎಂಬ ಭಯ ಹುಟ್ಟಿದ್ದು 1920ರ ದಶಕದಲ್ಲಿ, ಅಮೆರಿಕದ ದಂತವೈದ್ಯ ವೆಸ್ಟನ್ ಪ್ರೈಸ್ ಮಾಡಿದ ಪ್ರಯೋಗಗಳಿಂದ. ಆಮೇಲೆ ಬೇರೆಯವರು ಸರಿಯಾಗಿ ಮಾಡಿ ನೋಡಿದಾಗ ಆ ಫಲಿತಾಂಶ ಸಿಗಲೇ ಇಲ್ಲ. ರೂಟ್ ಕೆನಾಲ್‌ನಲ್ಲಿ ನಡೆಯುವುದು ಇಷ್ಟೇ: ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಹಲ್ಲಿನೊಳಗೆ ಕೆಟ್ಟ ತಿರುಳನ್ನು ತೆಗೆದು, ಬೇರಿನ ಕಾಲುವೆಗಳನ್ನು ತೊಳೆದು, ಗಟ್ಟಾಪರ್ಚಾ ಎಂಬ ರಬ್ಬರಿನಂಥ ವಸ್ತು ತುಂಬಿ ಮುಚ್ಚುತ್ತಾರೆ. ಸುಮ್ನೆ ಮಾತ್ರೆ, ಲವಂಗ ಅಂತ ದಿನ ತಳ್ಳಬೇಡಿ, ನೋವು ನಿಂತರೂ ಸೋಂಕು ಒಳಗೇ ಇರುತ್ತದೆ ಅಲ್ವಾ. ಮುಖ ಊದಿ ಜ್ವರ ಬಂದರೆ ಅವತ್ತೇ ಹೋಗಿ. ದುಡ್ಡಿನ ಚಿಂತೆಯಾದರೆ, ಕೋಟೆ ಹತ್ತಿರ ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲೇ ಸರ್ಕಾರಿ ದಂತ ಕಾಲೇಜು ಇದೆ.