ಬಾರ್ಬರಾ ಹ್ಯಾರಿಸ್ ಅವರ ಅರ್ಹತೆ

ಬಾರ್ಬರಾ ಹ್ಯಾರಿಸ್ ಬಿಷಪ್ ಆಗಬಾರದು ಅಂತ 1988ರಲ್ಲಿ ಎದ್ದ ಗದ್ದಲ ನೆನೆದರೆ ನನಗೆ ಈಗಲೂ ಸಿಟ್ಟು ಬರುತ್ತದೆ. ಆ ವರ್ಷ ಸೆಪ್ಟೆಂಬರ್ 24ರಂದು ಅಮೆರಿಕದ ಎಪಿಸ್ಕೋಪಲ್ ಚರ್ಚಿನ ಮ್ಯಾಸಚೂಸೆಟ್ಸ್ ಡಯಾಸಿಸ್ (ಒಬ್ಬ ಬಿಷಪ್ ಕೈಕೆಳಗಿನ ಚರ್ಚುಗಳ ಪ್ರಾಂತ) ಅವರನ್ನು ಸಹಾಯಕ ಬಿಷಪ್ ಆಗಿ ಆರಿಸಿತು. ಇಂಗ್ಲೆಂಡಿನ ಚರ್ಚಿನ ಪರಂಪರೆಗೆ ಸೇರಿದ ಇಡೀ ಆಂಗ್ಲಿಕನ್ ಕುಟುಂಬದಲ್ಲಿ ಅಲ್ಲಿಯವರೆಗೆ ಒಬ್ಬ ಹೆಂಗಸೂ ಬಿಷಪ್ ಆಗಿರಲಿಲ್ಲ. ಇವರು ಕಪ್ಪು ಹೆಂಗಸು ಬೇರೆ. ವಿಚ್ಛೇದನ ಆದವರು, ಸೆಮಿನರಿ (ಪಾದ್ರಿಗಳ ತರಬೇತಿ ಶಾಲೆ) ಪದವಿ ಇಲ್ಲ, ಪಾದ್ರಿಯಾಗಿ ಇನ್ನೂ ಎಂಟೇ ವರ್ಷ, ಬರವಣಿಗೆ ತುಂಬಾ ಖಾರ ಅಂತ ಒಂದರ ಮೇಲೊಂದು ಕಾರಣ ಹೇಳಿದರು. ಆಯ್ಕೆ ಆದರೆ ಮುಗಿಯಲಿಲ್ಲ, ಬೇರೆ ಡಯಾಸಿಸ್‌ಗಳ ಒಪ್ಪಿಗೆಯೂ ಬೇಕು. ಅದಕ್ಕೆ ತಿಂಗಳುಗಟ್ಟಲೆ ಕಾಯಬೇಕಾಯಿತು.

ಚರ್ಚಿನ ಒಳಗಿನ ಸಂಗತಿ ಗೊತ್ತಿಲ್ಲದ ಗೆಳೆಯರಿಗೆ ಒಂದು ಮಾತು. ಎಪಿಸ್ಕೋಪಲ್ ಚರ್ಚ್ ಅಂದರೆ ಆಂಗ್ಲಿಕನ್ ಪರಂಪರೆಯ ಅಮೆರಿಕದ ಕವಲು. 1947ರಲ್ಲಿ ಹುಟ್ಟಿದ ನಮ್ಮ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಕೂಡ ಈಗ ಅದೇ ಕುಟುಂಬದಲ್ಲಿದೆ. ನಾನು ಹುಟ್ಟಿ ಬೆಳೆದಿದ್ದು ಸಿಎಸ್‌ಐ ಸಭೆಯಲ್ಲಿ. ಹಾಗಾಗಿ ಹ್ಯಾರಿಸ್ ಅವರ ಕಥೆ ನನಗೆ ದೂರದ ಕಥೆ ಅನ್ನಿಸುವುದಿಲ್ಲ.

ಅವರಿಗೆ ಅರ್ಹತೆ ಇಲ್ಲ ಅಂದರಲ್ಲ, ಸ್ವಲ್ಪ ಅವರ ಬದುಕು ನೋಡಿ. 1930ರಲ್ಲಿ ಫಿಲಡೆಲ್ಫಿಯಾದಲ್ಲಿ ಹುಟ್ಟಿದರು. ಅವರ ಮುತ್ತಜ್ಜಿ ಗುಲಾಮಗಿರಿಯನ್ನು ಅನುಭವಿಸಿದವರು. ಹೈಸ್ಕೂಲ್ ಮುಗಿದ ಮೇಲೆ ಕಪ್ಪು ಜನರೇ ನಡೆಸುತ್ತಿದ್ದ ಒಂದು ಪಬ್ಲಿಕ್ ರಿಲೇಶನ್ಸ್ ಕಂಪನಿಗೆ ಸೇರಿ, ಅದರ ಅಧ್ಯಕ್ಷರಾಗುವವರೆಗೂ ಬೆಳೆದರು. ಆಮೇಲೆ ಸನ್ ಆಯಿಲ್ ಕಂಪನಿಯಲ್ಲಿ ದೊಡ್ಡ ಹುದ್ದೆ. ಆರಾಮಾಗಿ ಇರಬಹುದಿತ್ತು, ಅಲ್ವಾ? 1964ರ ಬೇಸಿಗೆಯಲ್ಲಿ ಅವರು ಹೋಗಿದ್ದು ಮಿಸಿಸಿಪ್ಪಿಯ ಗ್ರೀನ್‌ವಿಲ್‌ಗೆ, ಕಪ್ಪು ಜನರ ಹೆಸರನ್ನು ಮತದಾರರ ಪಟ್ಟಿಗೆ ಸೇರಿಸುವ ಕೆಲಸಕ್ಕೆ. ಆ ಕಾಲದ ಮಿಸಿಸಿಪ್ಪಿಯಲ್ಲಿ ಆ ಕೆಲಸ ಮಾಡುವವರನ್ನು ಕೊಂದೇ ಹಾಕುತ್ತಿದ್ದರು. ಮರುವರ್ಷ ಸೆಲ್ಮಾದಿಂದ ಮಾಂಟ್‌ಗೊಮೆರಿಗೆ ಮಾರ್ಟಿನ್ ಲೂಥರ್ ಕಿಂಗ್ ಜೊತೆ ಹೊರಟ ಮೆರವಣಿಗೆಯಲ್ಲೂ ಇದ್ದರು. ಇದರ ಜೊತೆಗೆ ವರ್ಷಗಟ್ಟಲೆ ಜೈಲುಗಳಿಗೆ ಹೋಗಿ ಕೈದಿಗಳನ್ನು ಮಾತಾಡಿಸುತ್ತಿದ್ದರು. ಪಾದ್ರಿಯಾದ ಮೇಲೂ ಫಿಲಡೆಲ್ಫಿಯಾದ ಜೈಲುಗಳಲ್ಲಿ ಚಾಪ್ಲಿನ್, ಅಂದರೆ ಕೈದಿಗಳ ಪಾದ್ರಿ, ಆಗಿ ಕೆಲಸ ಮಾಡಿದರು.

ಇಷ್ಟೆಲ್ಲ ಇರುವವರಿಗೆ ಸೆಮಿನರಿಯ ಸರ್ಟಿಫಿಕೇಟ್ ಇಲ್ಲ ಅನ್ನುವುದೇ ದೊಡ್ಡ ಕೊರತೆ ಆಯಿತು. ಓದು ಒಕ್ಕಾಲು ಬುದ್ಧಿ ಮುಕ್ಕಾಲು ಅಂತ ನಮ್ಮ ಹಿರಿಯರು ಸುಮ್ನೆ ಹೇಳಿಲ್ಲ. ಹಾಗಂತ ಅವರು ಓದದೆ ಪಾದ್ರಿಯಾದವರೂ ಅಲ್ಲ. ಕೆಲಸ ಮಾಡುತ್ತಲೇ ಬೇರೆ ಬೇರೆ ಕಡೆ ಓದಿ, ಪರೀಕ್ಷೆ ಬರೆದು, 1979ರಲ್ಲಿ ಡೀಕನ್ (ಪಾದ್ರಿಗಿಂತ ಒಂದು ಮೆಟ್ಟಿಲು ಕೆಳಗಿನ ಹುದ್ದೆ) ಆದರು, 1980ರಲ್ಲಿ ಪಾದ್ರಿ. ಆಗ ಅವರಿಗೆ 50 ವರ್ಷ.

ಅದಕ್ಕೂ ಮುಂಚಿನ ಒಂದು ದಿನ ನನಗೆ ತುಂಬಾ ಇಷ್ಟ. 1974ರ ಜುಲೈ 29. ಉತ್ತರ ಫಿಲಡೆಲ್ಫಿಯಾದ ಚರ್ಚ್ ಆಫ್ ದಿ ಅಡ್ವೊಕೇಟ್, ಹ್ಯಾರಿಸ್ ಅವರು ಹೋಗುತ್ತಿದ್ದ ಸಭೆ. ಬಡ ಕಪ್ಪು ಜನರ ಬಡಾವಣೆ, ಆದರೆ ಕಟ್ಟಡ ದೊಡ್ಡ ಕೆಥೆಡ್ರಲ್ ಥರ. ಅವತ್ತು ಅಲ್ಲಿ ಹನ್ನೊಂದು ಹೆಂಗಸರಿಗೆ ಪಾದ್ರಿ ದೀಕ್ಷೆ. ಚರ್ಚಿನ ಅನುಮತಿ ಇರಲಿಲ್ಲ. ಅಧಿಕಾರದಲ್ಲಿ ಇಲ್ಲದ ಮೂವರು ಬಿಷಪ್‌ಗಳು ಧೈರ್ಯ ಮಾಡಿ ದೀಕ್ಷೆ ಕೊಟ್ಟರು. ಮೆರವಣಿಗೆಯ ಮುಂದೆ ಶಿಲುಬೆ ಹಿಡಿದು ನಡೆದವರು ಬಾರ್ಬರಾ ಹ್ಯಾರಿಸ್. ಇನ್ನೂ ಪಾದ್ರಿಯಲ್ಲ, ಡೀಕನ್ ಕೂಡ ಅಲ್ಲ. ಉದ್ದನೆಯ ಕೋಲಿನ ತುದಿಯ ಶಿಲುಬೆಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು, ಆ ತುಂಬಿದ ಜನರ ನಡುವೆ ದಾರಿ ಮಾಡಿಕೊಂಡು ಹೋಗುವ ಸಣ್ಣ ಆಳಿನ ಹೆಂಗಸು. ಹೆಂಗಸರು ಪಾದ್ರಿಯಾಗಬಹುದು ಅಂತ ಎಪಿಸ್ಕೋಪಲ್ ಚರ್ಚ್ ಒಪ್ಪಿದ್ದು ಎರಡು ವರ್ಷ ಆದಮೇಲೆ, 1976ರಲ್ಲಿ.

ನನ್ನ ಅಮ್ಮನ ವಿಷಯ ಹೇಳಲೇಬೇಕು. ಇಪ್ಪತ್ತು ವರ್ಷಕ್ಕೂ ಜಾಸ್ತಿ ನಮ್ಮ ಸಭೆಯ ಸುಗ್ಗಿ ಹಬ್ಬದ ಹರಾಜಿನ ಲೆಕ್ಕ ಬರೆದವರು ಅಮ್ಮ. ಯಾರ ಮನೆಯಿಂದ ಎಷ್ಟು ತೆಂಗಿನಕಾಯಿ ಬಂತು, ಯಾವ ಬಾಳೆಗೊನೆ ಎಷ್ಟಕ್ಕೆ ಹೋಯಿತು, ಕೋಳಿ ಹಿಡಿದವರು ದುಡ್ಡು ಕೊಟ್ಟರೋ ಬಾಕಿಯೋ, ಎಲ್ಲ ಒಂದು ನೋಟ್‌ಬುಕ್ಕಿನಲ್ಲಿ. ಒಂದು ರೂಪಾಯಿ ಹೆಚ್ಚುಕಮ್ಮಿ ಆಗಿದ್ದಿಲ್ಲ. ಒಂದು ಸಲ ಯಾರೋ ಕಮಿಟಿಗೆ ಅಮ್ಮನ ಹೆಸರು ಹೇಳಿದರು. 'ಪಾಪ, ಅವರಿಗೆ ಆಡಳಿತದ ಅನುಭವ ಇಲ್ವಲ್ಲ' ಅಂದರು ಹಿರಿಯರೊಬ್ಬರು. ಅಲ್ಲಿಗೆ ಮಾತು ಮುಗಿಯಿತು. ಅಮ್ಮ ಮರುವರ್ಷವೂ ಲೆಕ್ಕ ಬರೆದರು. ಹ್ಯಾರಿಸ್ ಅವರ ಬಗ್ಗೆ ಓದುವಾಗ ನನ್ನ ಕಣ್ಣ ಮುಂದೆ ಬರುವುದು ಆ ನೋಟ್‌ಬುಕ್. ಮಾಡಿದ ಕೆಲಸ ಕಣ್ಣೆದುರೇ ಇದ್ದರೂ ಅದನ್ನು ಅನುಭವ ಅಂತ ಲೆಕ್ಕಕ್ಕೇ ಹಿಡಿಯುವುದಿಲ್ಲ, ಇದು ನನಗೆ ತುಂಬಾ ನೋವು ಕೊಡುವ ವಿಷಯ.

ಕೊನೆಗೆ ಒಪ್ಪಿಗೆ ಸಿಕ್ಕಿ, 1989ರ ಫೆಬ್ರವರಿ 11ರಂದು ಬಾಸ್ಟನ್ನಿನಲ್ಲಿ ಅಭಿಷೇಕ ಆಯಿತು. ಸಾವಿರಾರು ಜನ ಸೇರಿದ್ದರು. ಅದಕ್ಕೂ ಮೊದಲೇ ಕೊಲೆ ಬೆದರಿಕೆಗಳು ಬಂದಿದ್ದವು. ಗುಂಡು ತಡೆಯುವ ಜಾಕೆಟ್ ಹಾಕಿಕೊಳ್ಳಿ ಅಂದರು, ಹ್ಯಾರಿಸ್ ಬೇಡ ಅಂದರು. ಯಾರದಾದರೂ ಆಕ್ಷೇಪಣೆ ಇದೆಯಾ ಅಂತ ಕೇಳುವ ಪದ್ಧತಿ ಇದೆಯಲ್ಲ, ಆಗ ಇಬ್ಬರು ಎದ್ದು ಬಂದು ಮೈಕಿನ ಮುಂದೆ ಆಕ್ಷೇಪಣೆ ಓದಿದರು. ಅದನ್ನು ಕೇಳಿಸಿಕೊಂಡು ಆರಾಧನೆ ಮುಂದುವರಿಯಿತು. ಗಂಡಸರ ಗುಂಪಿನಲ್ಲಿ ನಾನೂ ಒಬ್ಬಳಾಗೋದು ನನಗೆ ಬೇಡ, ಕಪ್ಪು ಹೆಂಗಸಾಗಿ ನನ್ನ ಹತ್ತಿರ ಏನಿದೆಯೋ ಅದನ್ನು ಕೊಡುತ್ತೇನೆ ಅನ್ನೋ ಅರ್ಥದ ಮಾತು ಅವರು ಹೇಳಿದ್ದರು. ಬಿಷಪ್ ಆದಮೇಲೂ ಬಾಯಿ ಮುಚ್ಚಿಕೊಂಡು ಕೂತವರಲ್ಲ. ವರ್ಣಭೇದ, ಜೈಲು, ಸಲಿಂಗಿಗಳ ಹಕ್ಕು, ಯಾವುದರ ಬಗ್ಗೆಯೂ ಮೆತ್ತಗೆ ಮಾತಾಡಲಿಲ್ಲ. 2002ರಲ್ಲಿ ನಿವೃತ್ತರಾದರು, ಆಮೇಲೂ ಕೆಲವು ವರ್ಷ ವಾಷಿಂಗ್ಟನ್ ಡಯಾಸಿಸ್‌ನಲ್ಲಿ ಕೆಲಸ ಮಾಡಿದರು. 2020ರ ಮಾರ್ಚ್ 13ರಂದು ತೀರಿಕೊಂಡರು, 89 ವರ್ಷ.

ಚರ್ಚ್ ಆಫ್ ಇಂಗ್ಲೆಂಡಿಗೆ ಮೊದಲ ಮಹಿಳಾ ಬಿಷಪ್ ಬಂದದ್ದು 2015ರಲ್ಲಿ. ನಮ್ಮ ಸಿಎಸ್‌ಐ ಅದಕ್ಕಿಂತ ಮುಂಚೆ, 2013ರಲ್ಲೇ ಆಂಧ್ರದ ನಂದ್ಯಾಲ ಡಯಾಸಿಸ್‌ಗೆ ಪುಷ್ಪಲಲಿತಾ ಅವರನ್ನು ಬಿಷಪ್ ಮಾಡಿತು. ಆ ಸುದ್ದಿ ಕೇಳಿದ ದಿನ ನನಗಾದ ಖುಷಿ ಅಷ್ಟಿಷ್ಟಲ್ಲ.

ಬಾಸ್ಟನ್ನಿನ ಆ ಆರಾಧನೆಯಲ್ಲಿ ಹ್ಯಾರಿಸ್ ಜೊತೆ ಪ್ರಭು ಭೋಜನ (ರೊಟ್ಟಿ-ದ್ರಾಕ್ಷಾರಸ ಹಂಚುವ ಆರಾಧನೆ) ನಡೆಸಿದವರಲ್ಲಿ ಒಬ್ಬ ವಯಸ್ಸಾದ ಚೀನೀ ಹೆಂಗಸು ಇದ್ದರು, ಫ್ಲಾರೆನ್ಸ್ ಲೀ ಟಿಮ್-ಓಯಿ. 1944ರಲ್ಲಿ, ಯುದ್ಧದ ಮಧ್ಯೆ, ಮಕಾವ್‌ನ ಜನರಿಗೆ ಪ್ರಭು ಭೋಜನದಂಥ ಸಂಸ್ಕಾರ ಕೊಡಲು ಪಾದ್ರಿಗಳೇ ಇಲ್ಲದಾಗ ದೀಕ್ಷೆ ಪಡೆದ ಮೊದಲ ಆಂಗ್ಲಿಕನ್ ಮಹಿಳಾ ಪಾದ್ರಿ ಅವರು. ಯುದ್ಧ ಮುಗಿದ ಮೇಲೆ ವಿರೋಧ ಎದ್ದು, ಆ ಸೇವೆಯ ಪರವಾನಗಿಯನ್ನೇ ಬಿಟ್ಟುಕೊಡಬೇಕಾಯಿತು. ಅಂಥವರು 45 ವರ್ಷ ಆದಮೇಲೆ ಬಾಸ್ಟನ್ನಿನಲ್ಲಿ ಮೊದಲ ಮಹಿಳಾ ಬಿಷಪ್ ಪಕ್ಕ ನಿಂತಿದ್ದರು.

ಇದನ್ನು ಅಮ್ಮನಿಗೆ ಹೇಳಿದೆ. ಅಮ್ಮ ಹ್ಯಾರಿಸ್ ಅವರ ಬಗ್ಗೆ ಏನೂ ಕೇಳಲಿಲ್ಲ. 'ಆ ಚೀನಾದ ಅಮ್ಮ ಬದುಕಿದ್ದಾಗಲೇ ನೋಡಿದ್ರಲ್ಲ' ಅಂದರು.