ನಮ್ಮ ವ್ಯಾಪ್ತಿಗೆ ಬರೋದಿಲ್ಲ

ಕೆಲಸ ತಪ್ಪಿಸಿಕೊಳ್ಳೋಕೆ ಕಚೇರಿಗಳಲ್ಲಿ ಒಂದು ಮಾತಿದೆ: "ಇದು ನಮ್ಮ ವ್ಯಾಪ್ತಿಗೆ ಬರೋದಿಲ್ಲ." ನಾವೆಲ್ಲ ಕೇಳಿಸಿಕೊಂಡು ವಾಪಸ್ ಬಂದವರೇ ಅಲ್ವಾ? ಅಮೆರಿಕದ ದಕ್ಷಿಣ ಕ್ಯಾರೊಲಿನಾದ ಸಮ್ಮರ್ಟನ್ ಎಂಬ ಪುಟ್ಟ ಊರಿನ ಶಾಲೆಗಳ ಕಥೆ ಓದುವಾಗ ನನಗೆ ಮತ್ತೆ ಮತ್ತೆ ಈ ಮಾತೇ ಕಿವಿಗೆ ಬೀಳುತ್ತಿತ್ತು.

ಅಲ್ಲಿ ಸ್ಕೂಲ್ ಡಿಸ್ಟ್ರಿಕ್ಟ್ ಅಂದರೆ ನಮ್ಮ ಜಿಲ್ಲೆಯ ಹಾಗಲ್ಲ. ನಾಲ್ಕಾರು ಶಾಲೆ, ಅವಕ್ಕೊಂದು ಬೋರ್ಡು, ಅದಕ್ಕೊಂದು ಗಡಿ. ಗಡಿಯೊಳಗಿನ ಆಸ್ತಿ ತೆರಿಗೆಯಿಂದ ಶಾಲೆಗೆ ದುಡ್ಡು. 1940ರ ದಶಕದಲ್ಲಿ ಅಲ್ಲಿ ಬಿಳಿಯರ ಮಕ್ಕಳಿಗೆ ಒಂದು ಶಾಲೆ, ಕಪ್ಪು ಮಕ್ಕಳಿಗೆ ಬೇರೆ ಶಾಲೆ. ಬಿಳಿಯ ಮಕ್ಕಳನ್ನು ಕರೆತರೋಕೆ 30 ಬಸ್ಸು. ಕಪ್ಪು ಮಕ್ಕಳಿಗೆ ಒಂದೂ ಇಲ್ಲ. ಕೆಲವರು 14 ಕಿಲೋಮೀಟರ್ ನಡೆದು ಬರುತ್ತಿದ್ದರು.

ಅಪ್ಪ ಅಮ್ಮಂದಿರೇ ದುಡ್ಡು ಹಾಕಿ ಒಂದು ಹಳೇ ಬಸ್ಸು ಕೊಂಡರು. ಅದು ಆಗಾಗ ಕೆಟ್ಟು ನಿಲ್ಲುತ್ತಿತ್ತು. ಕೊನೆಗೆ 1947ರಲ್ಲಿ ಲೀವೈ ಪಿಯರ್ಸನ್ ಎಂಬ ರೈತ ಬಸ್ಸು ಕೊಡಿ ಅಂತ ಅರ್ಜಿ ಹಾಕಿದರು. ಅವರ ಬೆನ್ನಿಗೆ ನಿಂತವರು ಪಾದ್ರಿಯೂ ಮೇಷ್ಟ್ರೂ ಆಗಿದ್ದ ಜೋಸೆಫ್ ಡಿಲೇನ್. ವಿಷಯ ಕೋರ್ಟಿಗೂ ಹೋಯಿತು. 1948ರಲ್ಲಿ ಕೇಸು ಬಿದ್ದುಹೋಯಿತು. ಯಾಕೆ ಅಂತೀರಾ? ಪಿಯರ್ಸನ್ ತೆರಿಗೆ ಕಟ್ಟುತ್ತಿದ್ದದ್ದು ಒಂದು ಡಿಸ್ಟ್ರಿಕ್ಟಿಗೆ, ಮಕ್ಕಳ ಶಾಲೆ ಇದ್ದದ್ದು ಇನ್ನೊಂದರಲ್ಲಿ! ಊರಿನ ಬಿಳಿಯರು ಅಷ್ಟಕ್ಕೇ ಬಿಡಲಿಲ್ಲ. ಅವರಿಗೆ ಸಾಲ ಹುಟ್ಟದ ಹಾಗೆ ಮಾಡಿದರು. ಕಡಿದಿಟ್ಟ ಮರವನ್ನು ಮಿಲ್ಲಿನವರು ಒಯ್ಯಲಿಲ್ಲ, ಬಿದ್ದಲ್ಲೇ ಕೊಳೆಯಿತು.

1949ರಲ್ಲಿ ಇನ್ನೊಂದು ಅರ್ಜಿ. ಈ ಸಲ ಒಬ್ಬರಲ್ಲ, ಹಲವು ಮನೆಯವರು ಸಹಿ ಹಾಕಿದರು. ಕೇಳಿದ್ದೂ ಬರೀ ಬಸ್ಸಲ್ಲ, ಎಲ್ಲದರಲ್ಲೂ ಸಮಪಾಲು. ಆ ವರ್ಷ ಒಂದು ಬಿಳಿ ಮಗುವಿಗೆ ಖರ್ಚಾಗುತ್ತಿದ್ದದ್ದು 179 ಡಾಲರ್, ಕಪ್ಪು ಮಗುವಿಗೆ 43. ಪಟ್ಟಿಯಲ್ಲಿ ಮೊದಲ ಹೆಸರು ಹ್ಯಾರಿ ಬ್ರಿಗ್ಸ್, ಪೆಟ್ರೋಲ್ ಬಂಕಿನ ಕೆಲಸಗಾರ. ಕ್ರಿಸ್‌ಮಸ್ ಹಿಂದಿನ ದಿನ ಮಾಲೀಕ ಕೈಗೆ ಒಂದು ಕಟ್ಟು ಸಿಗರೇಟು ಕೊಟ್ಟು, ನಾಳೆಯಿಂದ ಬರಬೇಡ ಅಂದ. ಆ ಸಿಗರೇಟಿನ ವಿಷಯ ನನಗೆ ಮರೆಯೋಕೆ ಆಗುತ್ತಿಲ್ಲ. ಬರೀ ಕೆಲಸದಿಂದ ತೆಗೆದಿದ್ದರೆ ಇಷ್ಟು ಚುಚ್ಚುತ್ತಿರಲಿಲ್ಲವೇನೋ. ಮೋಟೆಲಿನಲ್ಲಿ ಕೆಲಸಕ್ಕಿದ್ದ ಹೆಂಡತಿಯ ನೌಕರಿಯೂ ಹೋಯಿತು.

1951ರಲ್ಲಿ ಡಿಲೇನ್ ಅವರ ಮನೆಗೆ ಬೆಂಕಿ ಬಿತ್ತು. ಅಗ್ನಿಶಾಮಕದವರು ಬಂದರು, ನಿಂತು ನೋಡಿದರು. ಮನೆ ಊರಿನ ಗಡಿಯಿಂದ ಆಚೆಗಿದೆಯಂತೆ. ನಮ್ಮ ವ್ಯಾಪ್ತಿಗೆ ಬರೋದಿಲ್ಲ!

1949ರ ಆ ಅರ್ಜಿಯ ಜಗಳ ಬ್ರಿಗ್ಸ್ ಹೆಸರಿನಲ್ಲೇ ಕೋರ್ಟಿಗೆ ಹೋಗಿತ್ತು. ಅದೇ ವರ್ಷ ಅಲ್ಲೂ ಸೋಲು. ಮೂವರು ನ್ಯಾಯಾಧೀಶರಲ್ಲಿ ವೇರಿಂಗ್ ಒಬ್ಬರೇ, ಮಕ್ಕಳನ್ನು ಬೇರೆ ಕೂರಿಸುವುದೇ ಅಸಮಾನತೆ ಅಂತ ಬರೆದರು. 1954ರ ಮೇ 17ರಂದು ಸುಪ್ರೀಂ ಕೋರ್ಟ್ ಒಪ್ಪಿಕೊಂಡದ್ದೂ ಅದನ್ನೇ. ಆ ತೀರ್ಪು ಕಾನ್ಸಾಸಿನ ಬ್ರೌನ್ ಕೇಸು ಅಂತ ಪ್ರಸಿದ್ಧವಾಯಿತು. ಒಟ್ಟಿಗೆ ಸೇರಿಸಿದ್ದ ಐದು ಕೇಸುಗಳಲ್ಲಿ ಮೊದಲು ದಾಖಲಾದದ್ದು ಮಾತ್ರ ಸಮ್ಮರ್ಟನ್‌ದು. ಹೆಸರು ಬ್ರಿಗ್ಸ್ ಅಂತಲೇ ಇರಬೇಕಿತ್ತು ಅಂತ ನನ್ನ ಹಟ. ಸುಮ್ನೆ ಹಟ ಅಂತಲೇ ಇಟ್ಟುಕೊಳ್ಳಿ.

ತೀರ್ಪು ಬಂದ ಮಾತ್ರಕ್ಕೆ ಶಾಲೆಯ ಬಾಗಿಲು ತೆರೆಯಲಿಲ್ಲ. ಸಮ್ಮರ್ಟನ್‌ನ ಬಿಳಿಯರ ಶಾಲೆಗೆ ಕಪ್ಪು ಮಕ್ಕಳು ಕಾಲಿಟ್ಟದ್ದು 1965ರಲ್ಲಿ. ಆ ಹೊತ್ತಿಗೇ ಬಿಳಿಯರು ಖಾಸಗಿ ಶಾಲೆ ಕಟ್ಟಿಕೊಂಡರು. ಸರ್ಕಾರಿ ಶಾಲೆಗಳಲ್ಲಿ ಉಳಿದದ್ದು ಬಹುಪಾಲು ಕಪ್ಪು ಮಕ್ಕಳೇ. ಹಳೇ ಗಡಿಯನ್ನು ಕೋರ್ಟು ಅಳಿಸಿತು, ಹೊಸ ಗಡಿಗೆ ಫೀಸು ಅಂತ ಹೆಸರಿಟ್ಟರು. ನಮ್ಮೂರ ಸರ್ಕಾರಿ ಶಾಲೆಯಲ್ಲಿ ಈಗ ಯಾರ ಮಕ್ಕಳು ಉಳಿದಿದ್ದಾರೆ ಅಂತ ನಾನೇನೂ ಬಿಡಿಸಿ ಹೇಳಬೇಕಿಲ್ಲ.

ಡಿಲೇನ್ ಆ ರಾಜ್ಯದಲ್ಲಿ ಉಳಿಯಲಿಲ್ಲ. 1955ರಲ್ಲಿ ಅವರ ಚರ್ಚನ್ನೂ ಸುಟ್ಟರು, ಮನೆಯ ಮೇಲೆ ಗುಂಡು ಹಾರಿಸಿದರು. ತಿರುಗಿ ಗುಂಡು ಹಾರಿಸಿದ್ದಕ್ಕೆ ವಾರಂಟ್ ಬಂದದ್ದು ಇವರ ಮೇಲೇ. ರಾತ್ರೋರಾತ್ರಿ ಊರು ಬಿಟ್ಟವರು ನ್ಯೂಯಾರ್ಕ್ ಸೇರಿದರು. ಆ ವಾರಂಟನ್ನು ರದ್ದು ಮಾಡಿದ್ದು 2000ದಲ್ಲಿ. ಅಷ್ಟರಲ್ಲಿ ಅವರು ತೀರಿಹೋಗಿ 26 ವರ್ಷ ಆಗಿತ್ತು.