ಎರಡು ತಾಸಿಗೊಮ್ಮೆ

ಮಗಳು ಹದಿನಾರಕ್ಕೇ ಸಿಎನ್‌ಎ ಆದಳು. ಸರ್ಟಿಫೈಡ್ ನರ್ಸಿಂಗ್ ಅಸಿಸ್ಟೆಂಟ್, ಅಂದರೆ ನರ್ಸ್‌ಗಳ ಕೈಕೆಳಗೆ ದಿನನಿತ್ಯದ ಆರೈಕೆ ಮಾಡುವವಳು. ಕೆಲಸ ಒಂದು ನರ್ಸಿಂಗ್ ಹೋಮ್‌ನಲ್ಲಿ. ನಾವಿರುವುದು ಇಲಿನಾಯ್ ರಾಜ್ಯದ ಶಿಕಾಗೋ ಪಕ್ಕದ ಒಂದು ಊರಲ್ಲಿ. ಇಲಿನಾಯ್‌ನಲ್ಲಿ 16 ತುಂಬಿದರೆ ಈ ಕೋರ್ಸಿಗೆ ಸೇರಬಹುದು. ಇಲ್ಲಿನ ಕನ್ನಡದ ಗೆಳತಿಯರಿಗೆ ವಿಷಯ ಹೇಳಿದರೆ ಬರುವುದು ಎರಡೇ ಪ್ರಶ್ನೆ. "ಮೆಡಿಸಿನ್‌ಗೆ ಅಪ್ಲೈ ಮಾಡೋವಾಗ ಉಪಯೋಗಕ್ಕೆ ಬರುತ್ತಾ?" ಆಮೇಲೆ ದನಿ ತಗ್ಗಿಸಿ, "ಅಲ್ಲಿ ಅದನ್ನೆಲ್ಲಾ... ತೊಳೀಬೇಕಾ?"

ಹೌದು ಕಣ್ರೀ, ತೊಳೀಬೇಕು. ಡೈಪರ್ ಬದಲಿಸಬೇಕು, ಸ್ನಾನ ಮಾಡಿಸಬೇಕು, ತುತ್ತು ಇಡಬೇಕು, ಹಲ್ಲಿನ ಸೆಟ್ ತೊಳೆದು ಡಬ್ಬಿಗೆ ಹಾಕಬೇಕು. ಇದನ್ನು ಯಾಕೆ ಪಿಸುಮಾತಲ್ಲಿ ಕೇಳುತ್ತೀರಿ ಅನ್ನೋದೇ ನನ್ನ ತಕರಾರು. ಮೆಡಿಸಿನ್ ಅರ್ಜಿಯಲ್ಲಿ ತೋರಿಸುವ "ಕ್ಲಿನಿಕಲ್ ಅವರ್ಸ್" ಅಂದಾಗ ಹೆಮ್ಮೆ, "ಆಯಾ ಕೆಲಸ" ಅಂದಾಗ ಮುಜುಗರ. ಎರಡೂ ಒಂದೇ ಕೆಲಸ ಅಲ್ವಾ?

ಒಂದು ಮಾತು ಹೇಳಿಬಿಡುತ್ತೇನೆ. ಇಲ್ಲಿ ನರ್ಸಿಂಗ್ ಹೋಮ್ ಅಂದರೆ ನಮ್ಮೂರಲ್ಲಿ ಹೆರಿಗೆಗೆ, ಅಪೆಂಡಿಕ್ಸ್ ಆಪರೇಷನ್‌ಗೆ ಹೋಗುತ್ತೇವಲ್ಲ, ಅದಲ್ಲ. ಹೆಚ್ಚಾಗಿ ವಯಸ್ಸಾದವರು ಇರುವ ಜಾಗ. ಅವರನ್ನು ಪೇಷಂಟ್ ಅನ್ನಲ್ಲ, ರೆಸಿಡೆಂಟ್ ಅನ್ನುತ್ತಾರೆ. ಅದು ಅವರ ಮನೆ, ಹಾಗಾಗಿ ಬಾಗಿಲು ತಟ್ಟಿಯೇ ಒಳಗೆ ಹೋಗಬೇಕು.

ಕೋರ್ಸು 120 ಗಂಟೆ. 80 ಗಂಟೆ ಪಾಠ, 40 ಗಂಟೆ ರೆಸಿಡೆಂಟ್‌ಗಳ ಹತ್ತಿರ. ಇಡೀ ಅಮೆರಿಕಕ್ಕೆ 1987ರಲ್ಲಿ ಬಂದ ಕಾನೂನು ಕೇಳುವುದು ಕನಿಷ್ಠ 75 ಗಂಟೆ ಮಾತ್ರ, ನಮ್ಮ ರಾಜ್ಯದವರು ಜಾಸ್ತಿ ಇಟ್ಟಿದ್ದಾರೆ. ಆಮೇಲೆ ಹಿನ್ನೆಲೆ ತಪಾಸಣೆಗೆ ಬೆರಳಚ್ಚು, ಪರೀಕ್ಷೆ, ರಾಜ್ಯದ ರಿಜಿಸ್ಟ್ರಿಯಲ್ಲಿ ಹೆಸರು. ಸತತ ಎರಡು ವರ್ಷ ಸಂಬಳಕ್ಕೆ ಈ ಕೆಲಸ ಮಾಡದೆ ಇದ್ದರೆ ಕಡೇಪಕ್ಷ ಪರೀಕ್ಷೆಯನ್ನಾದರೂ ಮತ್ತೆ ಕೊಡಬೇಕು. ಸುಮ್ನೆ ಅರ್ಜಿಯಲ್ಲಿ ಒಂದು ಸಾಲು ಬರೆಯೋಕೆ ಮಕ್ಕಳನ್ನು ನೂಕುವ ಅಪ್ಪ ಅಮ್ಮಂದಿರು ಇದನ್ನು ನೆನಪಿಡಿ. ಆ ಮಗು ಮುಟ್ಟುವುದು ಇನ್ನೊಬ್ಬರ ಮೈಯನ್ನು. ಮನಸ್ಸಿಲ್ಲದ ಕೈ ಅವರಿಗೆ ಗೊತ್ತಾಗುತ್ತದೆ.

ಹದಿನಾರು ತೀರಾ ಎಳೆಯ ವಯಸ್ಸು ಅಂತ ನನ್ನ ಗಂಡನ ವಾದ. ಕಾನೂನಿಗೂ ಸ್ವಲ್ಪ ಹಾಗೇ ಅನ್ನಿಸಿರಬೇಕು. ಮಂಚದಿಂದ ಎತ್ತಿ ಕುರ್ಚಿಗೆ ಕೂರಿಸುವ ಕರೆಂಟಿನ ಯಂತ್ರ ಇದೆ, ಅದನ್ನು 18 ಆಗುವ ತನಕ ಒಬ್ಬಳೇ ಮುಟ್ಟುವ ಹಾಗಿಲ್ಲ, ಕಲಿತ ದೊಡ್ಡವರಿಗೆ ಕೈಜೋಡಿಸಬಹುದು ಅಷ್ಟೆ. ಅದೇ ಹದಿನಾರಕ್ಕೆ ಹೈವೇಯಲ್ಲಿ ಕಾರು ಮಾತ್ರ ಓಡಿಸಬಹುದಂತೆ! ಒಂದು ಸಂಜೆ ಇಬ್ಬರು ಕೆಲಸಕ್ಕೇ ಬರಲಿಲ್ಲ. ಒಬ್ಬ ಅಜ್ಜ ಬೆಲ್ ಒತ್ತಿ ಊಟದ ಕುರ್ಚಿಗೆ ಹೋಗಬೇಕು ಅಂದಿದ್ದಾರೆ. ಇವಳು ಅವರ ಕೈ ಹಿಡಿದು ನಲವತ್ತು ನಿಮಿಷ ಕೂತಿದ್ದಾಳೆ, ಯಂತ್ರ ನಡೆಸುವವರು ಬರಲಿ ಅಂತ. ಮನೆಗೆ ಬಂದು ಊಟ ಮಾಡಲಿಲ್ಲ. ಸಂಬಳ ಗಂಟೆಗೆ 18 ಡಾಲರ್. ಬರ್ಗರ್ ಅಂಗಡಿಯಲ್ಲಿ ನಿಲ್ಲುವ ಅವಳ ಗೆಳತಿಗೆ ಇದಕ್ಕಿಂತ ಒಂದೆರಡು ಡಾಲರ್ ಕಮ್ಮಿ ಅಷ್ಟೆ. ಇದು ಅನ್ಯಾಯ ಅಂತ ನನಗೆ ಒಂಚೂರೂ ಅನುಮಾನ ಇಲ್ಲ.

ಕೋರ್ಸು ನಡೆಯುವಾಗ ನಮ್ಮತ್ತೆ ದಾವಣಗೆರೆಯಿಂದ ಬಂದಿದ್ದರು. ಪ್ರಾಕ್ಟೀಸಿಗೆ ಮನೆಯಲ್ಲೇ ಒಬ್ಬರು ಸಿಕ್ಕಂತಾಯಿತು. ಅವರಿಗೆ ಎಡಭುಜ ಹಿಡಿದುಕೊಂಡು ವರ್ಷಗಳೇ ಆಗಿವೆ. ಸ್ವೆಟರ್ ಹಾಕುವುದು ದಿನಾ ಒಂದು ಯುದ್ಧ. ಮಗಳು ಎದುರು ನಿಂತು, ಸ್ವೆಟರಿನ ತೋಳನ್ನು ಪೂರ್ತಿ ಮಡಚಿ, ತನ್ನ ಕೈ ಅದರೊಳಗಿಂದ ತೂರಿಸಿ ಅಜ್ಜಿಯ ಎಡಗೈ ಹಿಡಿದು ಮೆಲ್ಲಗೆ ಎಳೆದುಕೊಂಡಳು. ಆಮೇಲೆ ಬೆನ್ನು, ಆಮೇಲೆ ಬಲಗೈ. ಹಾಕುವಾಗ ನೋವಿರುವ ಕೈ ಮೊದಲು, ತೆಗೆಯುವಾಗ ಅದೇ ಕೊನೆಗೆ. ಅಜ್ಜಿ "ಹಾ" ಅನ್ನಲೂ ಇಲ್ಲ. "ಇದಕ್ಕೂ ಸರ್ಟಿಫಿಕೇಟ್ ಕೊಡ್ತಾರೇನೇ?" ಅಂತ ನಕ್ಕರು.

ಮಾರನೇ ದಿನ ಮಗ್ಗುಲು ಬದಲಿಸುವ ಪಾಠ. ಅಜ್ಜಿಯನ್ನು ಒಂದು ಕಡೆ ತಿರುಗಿಸಿ, ಬೆನ್ನಿಗೊಂದು, ಮಂಡಿ ನಡುವೆ ಒಂದು ದಿಂಬಿಟ್ಟಳು. ಎದ್ದು ಕೂರಲಾಗದವರನ್ನು ಎರಡು ಗಂಟೆಗೊಮ್ಮೆ ಹೀಗೆ ತಿರುಗಿಸಬೇಕು, ಇಲ್ಲದಿದ್ದರೆ ಮೂಳೆ ಒತ್ತುವ ಕಡೆ ರಕ್ತ ಓಡದೆ ಚರ್ಮ ಸಾಯುತ್ತದೆ, ಹುಣ್ಣಾಗುತ್ತದೆ ಅಂತ ಪಾಠ ಒಪ್ಪಿಸಿದಳು.

ಅಜ್ಜಿ ಗೋಡೆ ಕಡೆ ಮುಖ ಮಾಡಿಕೊಂಡು ಹಾಗೇ ಮಲಗಿದ್ದರು. ಅವರ ಅತ್ತೆ ಲಕ್ವ ಹೊಡೆದು ಮೂರು ವರ್ಷ ಹಾಸಿಗೆ ಹಿಡಿದಿದ್ದರು. ಪೂರ್ತಿ ನೋಡಿಕೊಂಡದ್ದು ಇವರೇ. ದಿನಾ ಬಿಸಿನೀರಲ್ಲಿ ಒರೆಸಿ, ಪೌಡರ್ ಹಾಕಿ, ಸೀರೆ ಬದಲಿಸುತ್ತಿದ್ದರಂತೆ. ಆದರೂ ಬೆನ್ನು ಪೂರ್ತಿ ಹುಣ್ಣು. ಬಂದುಹೋದ ನೆಂಟರು "ಸೊಸೆ ಸರಿಯಾಗಿ ನೋಡಲಿಲ್ಲ" ಅಂದಿದ್ದರಂತೆ.

"ಎರಡು ತಾಸಿಗೊಮ್ಮೆ ಅಂದ್ರೆ ರಾತ್ರಿನೂನಾ?"

"ರಾತ್ರಿನೂ ಅಜ್ಜಿ."

"ಯಾರೂ ಹೇಳಲಿಲ್ಲ ನೋಡು," ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಏಳ್ತಿದ್ದೆ."